ಗೀರಿನ ತೊಗಲು, ಲೇಸಿಲ್ಲದ ಬೂಟು

ಈ ಸಲದ ಪತ್ರಗಳೆಲ್ಲ ಚೆಲ್ಸೀ ಬೂಟಿನ ಬಗ್ಗೆ. ಕಣಕಾಲು ಮುಚ್ಚುವ ಎತ್ತರ, ಎರಡೂ ಪಕ್ಕಕ್ಕೆ ಎಲಾಸ್ಟಿಕ್, ಮುಂದೆ ಲೇಸಿಲ್ಲ, ಬಕಲ್ ಇಲ್ಲ. ಮೈಯೆಲ್ಲ ಬಯಲಾಗಿ ಕಾಣುವ ಬೂಟು ಇದು. ಹಾಗಾಗಿ ತೊಗಲಿನ ಆಯ್ಕೆಯಲ್ಲಿ ಆದ ತಪ್ಪನ್ನು ಆಮೇಲೆ ಮುಚ್ಚಿಡಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ಕುಡು ತೊಗಲು ತರಿಸಿದ್ದೇನೆ. ಮೈತುಂಬ ಗೀರು. ಗೀರು ಬಿಟ್ಟು ಕತ್ತರಿಸಿದರೆ ಒಂದು ಜೊತೆಗೂ ಸಾಲುವುದಿಲ್ಲ. ಏನು ಮಾಡಲಿ?

ಉತ್ತರ: ಗೀರು ಬಿಡಬೇಡಿ, ಅದಕ್ಕೆ ಸರಿಯಾದ ಜಾಗ ಹುಡುಕಿ. ಕುಡು ಆಫ್ರಿಕಾದ ಮುಳ್ಳುಪೊದೆಗಳ ನಡುವೆ ಬದುಕುವ ದೊಡ್ಡ ಹುಲ್ಲೆ. ಮುಳ್ಳು ಗೀರಿದ್ದು, ಉಣ್ಣೆ ಕಚ್ಚಿದ್ದು ಎಲ್ಲವೂ ತೊಗಲಿನಲ್ಲಿ ಉಳಿದಿರುತ್ತದೆ. ಅದರ ಚೆಲುವೇ ಅದು.

ಮೊದಲು ಮಾಸಿದ ಗಾಯ ಯಾವುದು, ಹಸಿ ಗಾಯ ಯಾವುದು ಎಂದು ಬೇರ್ಪಡಿಸಿ. ಹೊರಮೈ ಮೇಲೆ ಬರುವಂತೆ ತೊಗಲನ್ನು ಒಂದು ಪೆನ್ಸಿಲ್ ಮೇಲೆ ಮಡಚಿ, ಗೀರು ಸರಿಯಾಗಿ ಮಡಿಕೆಯ ನೆತ್ತಿಗೆ ಬರಲಿ. ಮಾಸಿದ ಗಾಯ ನುಣುಪಾಗಿ, ತುಸು ಉಬ್ಬಿಕೊಂಡು ಹಾಗೇ ಇರುತ್ತದೆ. ಹಸಿ ಗಾಯ ಬಾಯಿ ಬಿಟ್ಟು ಒಳಗಿನ ಬಿಳಿಚಿದ ನಾರು ತೋರಿಸುತ್ತದೆ. ಬಾಯಿ ಬಿಟ್ಟದ್ದನ್ನು ಮೂರು ಕಡೆ ಮಾತ್ರ ಹಾಕಬೇಡಿ: ಬೆರಳ ಬುಡದಲ್ಲಿ ಪಾದ ಮಡಚುವ ಜಾಗ, ಪಾದದ ಆಕಾರದ ಅಚ್ಚಿಗೆ ಬಿಗಿಯಾಗಿ ಎಳೆಯುವ ಬೂಟಿನ ತುದಿ, ಎಲಾಸ್ಟಿಕ್ ಹೊಲಿಗೆಯಿಂದ ಒಂದು ಸೆಂಟಿಮೀಟರ್ ಒಳಗೆ. ಮೊದಲನೆಯದು ನಡೆದು ನಡೆದು ಸೀಳುತ್ತದೆ, ಎರಡನೆಯದು ಎಳೆಯುವಾಗಲೇ ಹರಿಯುತ್ತದೆ, ಮೂರನೆಯದನ್ನು ಪ್ರತಿಸಲ ಬೂಟು ಹಾಕಿ ತೆಗೆಯುವ ಎಳೆತ ಕೆಡಿಸುತ್ತದೆ. ಹಿಮ್ಮಡಿಯ ಹೊರಪಕ್ಕದಲ್ಲಿ ಒಳಗೆ ಕೌಂಟರ್ ಎಂಬ ಗಟ್ಟಿ ತುಂಡಿನ ಆಸರೆಯಿರುತ್ತದೆ, ಅಲ್ಲಿ ದೊಡ್ಡ ಗೀರು ಬಂದರೂ ಅಡ್ಡಿಯಿಲ್ಲ. ಮಾಸಿದ ಗಾಯವನ್ನು ಎಲ್ಲಿ ಬೇಕಾದರೂ ಹಾಕಿ. ನನ್ನನ್ನು ಕೇಳಿದರೆ, ಬಲಗಾಲಿನ ಮುಂಭಾಗಕ್ಕೆ ಅಡ್ಡಲಾಗಿ ಓಡುವ ಒಂದೇ ಒಂದು ಉದ್ದ ಗೀರಿಗಿಂತ ಚೆಂದದ್ದು ಬೇರೆ ಇಲ್ಲ.

ಇನ್ನೊಂದು ಪರೀಕ್ಷೆ ಹೊಟ್ಟೆಭಾಗಕ್ಕೆ. ಹೊರಮೈ ಒಳಗಾಗುವಂತೆ ಮಡಚಿ. ಸಣ್ಣ ನೆರಿಗೆ ಬಂದರೆ ಸರಿ. ದಪ್ಪ ದಪ್ಪ ಮಡಿಕೆ ಎದ್ದರೆ ಮೇಲ್ಪದರ ಸಡಿಲವಾಗಿದೆ, ಅದು ಬೂಟಿನ ಮುಂಭಾಗಕ್ಕೆ ಬೇಡ. ಎಡ-ಬಲದ ತುಂಡುಗಳನ್ನು ಬೆನ್ನಿನ ಗೆರೆಯ ಆಚೀಚೆ, ಕನ್ನಡಿಯಲ್ಲಿ ಕಂಡಂತೆ ಎದುರುಬದುರು ಇಟ್ಟು ಕತ್ತರಿಸಿ. ತೊಗಲು ಕಡಿಮೆ ಹಿಗ್ಗುವ ದಿಕ್ಕು ಬೆರಳಿನಿಂದ ಹಿಮ್ಮಡಿಯ ಕಡೆಗಿರಬೇಕು. ಇಲ್ಲದಿದ್ದರೆ ಬೂಟು ದಿನ ಹೋದಂತೆ ಉದ್ದವಾಗುತ್ತದೆ.

ಪ್ರಶ್ನೆ: ಅಚ್ಚಿಗೆ ಎಳೆದಾಗ ಕಣಕಾಲಿನ ಮುಂದೆ ಸುಕ್ಕು ನಿಲ್ಲುತ್ತದೆ. ಎಷ್ಟು ಎಳೆದರೂ ಹೋಗುವುದಿಲ್ಲ.

ಉತ್ತರ: ಆ ಹಂತದಲ್ಲಿ ಎಳೆದು ಹೋಗಿಸಲು ಆಗುವುದಿಲ್ಲ. ಅದಕ್ಕಿಂತ ಮೊದಲಿನ ಕೆಲಸವೊಂದು ತಪ್ಪಿದೆ. ಪಾದದಿಂದ ಕಾಲಿಗೆ ತಿರುಗುವ ಕಡೆ ಚಪ್ಪಟೆ ತೊಗಲು ತಾನಾಗಿ ಬಾಗುವುದಿಲ್ಲ, ಹೆಚ್ಚಾದ ಭಾಗ ಸುಕ್ಕಾಗಿ ನಿಲ್ಲುತ್ತದೆ. ಹೊಲಿಯುವ ಮುಂಚೆಯೇ ಅದನ್ನು ಕ್ರಿಂಪ್ ಮಾಡಬೇಕು, ಅಂದರೆ ನೆನೆಸಿ ಎಳೆದು ಬಾಗಿಸಬೇಕು. ಮುಂಭಾಗದ ತುಂಡನ್ನು ಸುತ್ತ ಎರಡು ಸೆಂಟಿಮೀಟರ್ ಹೆಚ್ಚಿಗೆ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗಾಗುವವರೆಗೆ ನೆನೆಸಿ. ಬೂಟಿನ ಪಕ್ಕನೋಟದಂತೆ ಬಾಗಿದ ಕ್ರಿಂಪಿಂಗ್ ಹಲಗೆಯ ಅಂಚಿಗೆ ತುಂಡಿನ ನಡುಗೆರೆ ಕೂರಿಸಿ, ಇಕ್ಕಳದಲ್ಲಿ ಎಳೆಯುತ್ತ ಮೊಳೆ ಹೊಡೆಯುತ್ತ ಬನ್ನಿ. ಬಾಗಿನಲ್ಲಿ ಎದ್ದ ಸುಕ್ಕನ್ನು ಮೂಳೆಯ ಪಟ್ಟಿಯಿಂದ ತೊಗಲಿನ ಅಂಚಿನ ಕಡೆಗೆ ಒತ್ತಿ ಸವರಿ. ಒಂದೇ ಎಳೆತಕ್ಕೆ ಆಗದು, ಎರಡು ಮೂರು ಸಲ ಮೊಳೆ ಕಿತ್ತು ಮತ್ತೆ ಎಳೆಯಬೇಕು. ನೆರಳಲ್ಲಿ ಪೂರ್ತಿ ಒಣಗಲಿ. ಒಲೆಯ ಹತ್ತಿರ ಇಟ್ಟರೆ ತೊಗಲು ಕುಗ್ಗಿ ಸೆಟೆದುಕೊಳ್ಳುತ್ತದೆ. ಒಣಗಿದ ಮೇಲೇ ಅಳತೆಗೆ ಸರಿಯಾಗಿ ಕತ್ತರಿಸಿ.

ಪ್ರಶ್ನೆ: ಎಲಾಸ್ಟಿಕ್ ಅಲೆ ಅಲೆಯಾಗಿ ಕೂತಿದೆ. ಬೂಟು ಹೊಸದು.

ಉತ್ತರ: ಹೊಲಿಯುವಾಗ ಎಲಾಸ್ಟಿಕ್ಕನ್ನು ಎಳೆದು ಹಿಡಿದಿದ್ದಾರೆ. ಹೊಲಿಗೆ ಬಿಚ್ಚಿ ಹೊಸದು ಹಾಕಬೇಕು. ಹೊಸದನ್ನು ತೊಗಲಿನ ಅಡಿಗೆ 8ರಿಂದ 10 ಮಿಲಿಮೀಟರ್ ಸೇರಿಸಿ, ಸಡಿಲವಾಗಿ ಮಲಗಿಸಿ, ಮೊದಲು ಅಂಟಿಸಿ ಆಮೇಲೆ ಹೊಲಿಯಿರಿ. ಹಿಗ್ಗು ಹಿಂದೆ-ಮುಂದೆ ಇರಬೇಕು, ಮೇಲೆ-ಕೆಳಗೆ ಅಲ್ಲ. ಕತ್ತಿಯಂಥ ಮೊನೆಯ ಸೂಜಿ ಒಳಗಿನ ರಬ್ಬರ್ ಎಳೆ ಕಡಿಯುತ್ತದೆ, ದುಂಡು ಮೊನೆಯದು ಬಳಸಿ. ಪಾಲಿಶ್ ಹಚ್ಚುವಾಗ ಎಲಾಸ್ಟಿಕ್ ಮೇಲೆ ಕಾಗದದ ಅಂಟುಪಟ್ಟಿ ಮೆತ್ತಿಕೊಳ್ಳಿ. ಎಣ್ಣೆ, ಟರ್ಪೆಂಟೈನ್, ಬಿಸಿ, ಈ ಮೂರೂ ರಬ್ಬರನ್ನು ಕೊಲ್ಲುತ್ತವೆ.

ಈ ಬೂಟಿನ ಹುಟ್ಟೇ ರಬ್ಬರಿನೊಂದಿಗೆ ಹೆಣೆದುಕೊಂಡಿದೆ. ವಿಕ್ಟೋರಿಯಾ ರಾಣಿಗೆ ಪಾದರಕ್ಷೆ ಮಾಡುತ್ತಿದ್ದ ಜೆ. ಸ್ಪಾರ್ಕ್ಸ್-ಹಾಲ್ ಪಕ್ಕಕ್ಕೆ ಎಲಾಸ್ಟಿಕ್ ಇರುವ ಬೂಟಿಗೆ 1840ರಲ್ಲಿ ಪೇಟೆಂಟ್ ಪಡೆದರು. ಚೆಲ್ಸೀ ಎಂಬ ಹೆಸರು ಅಂಟಿಕೊಂಡದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ, ಲಂಡನ್ನಿನ ಆ ಭಾಗದ ತರುಣರು ಇದನ್ನು ಮೆಚ್ಚಿಕೊಂಡ ಮೇಲೆ.

ಪ್ರಶ್ನೆ: ಸಮುದ್ರದಲ್ಲಿ ಮುಳುಗಿದ್ದ ರಷ್ಯನ್ ತೊಗಲಿನಿಂದ ಬೂಟು ಮಾಡಿದ್ದುಂಟೆಂದು ಕೇಳಿದೆ. ನಿಜವೇ?

ಉತ್ತರ: ನಿಜ. ಸೇಂಟ್ ಪೀಟರ್ಸ್‌ಬರ್ಗಿನಿಂದ ಜಿನೋವಾಕ್ಕೆ ಹೊರಟಿದ್ದ ಮೆಟ್ಟಾ ಕ್ಯಾಥರೀನಾ ಎಂಬ ಹಡಗು 1786ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತು. ಅದರಲ್ಲಿದ್ದ ಹಿಮಸಾರಂಗದ ತೊಗಲಿನ ಕಟ್ಟುಗಳು 1973ರಲ್ಲಿ ಮುಳುಗುಗಾರರಿಗೆ ಸಿಕ್ಕವು. ವಿಲೋ ಮರದ ತೊಗಟೆಯಲ್ಲಿ ಹದ ಮಾಡಿ ಬರ್ಚ್ ಎಣ್ಣೆ ಉಣಿಸಿದ್ದ ತೊಗಲು ಕೆಸರಿನಲ್ಲಿ ಹೂತು ಉಳಿದಿತ್ತು. ಮೈಮೇಲೆ ಓರೆಗೆರೆಗಳು ಒಂದನ್ನೊಂದು ಕತ್ತರಿಸುವ ಅಚ್ಚು ಅದರ ಗುರುತು. ಈಗ ಅದನ್ನು ಹೋಲುವ ಹೊಸ ತೊಗಲೂ ಸಿಗುತ್ತದೆ. ಕೊಂಡರೆ ಒಂದು ಎಚ್ಚರ: ತುದಿಯಲ್ಲಿ ಜೋರಾಗಿ ಎಳೆದರೆ ಆ ಗೆರೆಗಳು ಅಗಲವಾಗಿ ಮಾಸಿಹೋಗುತ್ತವೆ. ಕಡಿಮೆ ನೆನೆಸಿ, ಸ್ವಲ್ಪ ಸ್ವಲ್ಪವೇ ಎಳೆಯಿರಿ.

ಪ್ರಶ್ನೆ: ಕಾರ್ಡೊವಾನ್ ಬೂಟು ಮಳೆಯಲ್ಲಿ ನೆನೆದು ಮೈಮೇಲೆ ಗುಳ್ಳೆ ಎದ್ದಿದೆ.

ಉತ್ತರ: ಕಾರ್ಡೊವಾನ್ ಎಂದರೆ ಕುದುರೆಯ ಹಿಂಭಾಗದ ತೊಗಲಿನೊಳಗಿನ ಒತ್ತಾದ ಪದರ. ಹೊಳಪಿಗಾಗಿ ಒತ್ತಿ ಮಲಗಿಸಿದ ನಾರು ನೀರು ತಾಕಿದ ಕಡೆ ಎದ್ದು ನಿಲ್ಲುತ್ತದೆ, ಗುಳ್ಳೆ ಅದೇ. ಬೂಟಿನೊಳಗೆ ಅದರ ಆಕಾರ ಕಾಯುವ ಮರದ ಶೂ ಟ್ರೀ ಹಾಕಿ ಒಂದೆರಡು ದಿನ ಒಣಗಲು ಬಿಡಿ. ಆಮೇಲೆ ನುಣುಪು ಮೂಳೆಯಿಂದಲೋ ಚಮಚದ ಬೆನ್ನಿನಿಂದಲೋ ಒತ್ತಿ ತೀಡಿ, ಗುಳ್ಳೆ ಮಲಗುತ್ತದೆ. ತೀಡಿದ ಮೇಲೆ ತೆಳುವಾಗಿ ಕ್ರೀಮ್ ಹಚ್ಚಿ, ಕುದುರೆಕೂದಲಿನ ಬ್ರಶ್ಶಿನಲ್ಲಿ ಉಜ್ಜಿ.