ಓದುಗರ ಪ್ರಶ್ನೆ, ನಮ್ಮ ಉತ್ತರ: ಆಸ್ಟ್ರೇಲಿಯಾದ ಹಳೇ ರೀಲುಗಳು

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಹಳೇ ಸಿನಿಮಾ, ದನಿಗಳನ್ನ ಕಾಪಾಡಿಡೋ ನ್ಯಾಷನಲ್ ಫಿಲ್ಮ್ ಅಂಡ್ ಸೌಂಡ್ ಆರ್ಕೈವ್‌ನವರು ಹಳೇ ಸಿನಿಮಾ, ಟೀವಿ ತುಣುಕುಗಳನ್ನ ಆನ್‌ಲೈನ್‌ನಲ್ಲಿ ಎಲ್ರೂ ನೋಡೋ ಹಾಗೆ ಇಟ್ಟಿದ್ದಾರೆ ಅಂತ ಹೋದ ಸಂಚಿಕೇಲಿ ಬರೆದಿದ್ದೆ. ಅದಕ್ಕೆ ಬಂದಿರೋ ಪ್ರಶ್ನೆಗಳಲ್ಲಿ ಕೆಲವನ್ನ ಇಲ್ಲಿ ಎತ್ಕೊಂಡಿದೀನಿ.

ಪ್ರ: ಪ್ರಪಂಚದ ಮೊದಲ ಪೂರ್ಣಾವಧಿ ಕಥಾಚಿತ್ರ ಆಸ್ಟ್ರೇಲಿಯಾದ್ದು ಅಂತ ಬರೆದಿದ್ರಿ. ಹಾಲಿವುಡ್ ಅಲ್ವಾ ಸಾರ್? (ಹಾಸನದಿಂದ ಒಬ್ಬ ಓದುಗರು)

ಉ: ಅಲ್ಲ. ಹಾಲಿವುಡ್‌ನಲ್ಲಿ ಸ್ಟುಡಿಯೋ ಅನ್ನೋದು ಹುಟ್ಟೋಕೂ ಮುಂಚೆ, 1906ರ ಡಿಸೆಂಬರ್ 26ಕ್ಕೆ, ಮೆಲ್ಬೋರ್ನ್‌ನ ಅಥೀನಿಯಂ ಹಾಲ್‌ನಲ್ಲಿ ‘ದಿ ಸ್ಟೋರಿ ಆಫ್ ದಿ ಕೆಲ್ಲಿ ಗ್ಯಾಂಗ್’ ತೆರೆ ಕಾಣ್ತು, ನಿರ್ದೇಶಕ ಚಾರ್ಲ್ಸ್ ಟೇಟ್, ಒಂದು ಗಂಟೆಗೂ ಮೀರಿದ ಸಿನಿಮಾ. ಉಳಿದ ಕಡೆ ಆಗ ಹತ್ತು ಹದಿನೈದು ನಿಮಿಷದ ಚಿತ್ರಾನೇ ದೊಡ್ಡದು. 2007ರಲ್ಲಿ ಯುನೆಸ್ಕೋ ಕೂಡ ಇದನ್ನ ಮೆಮೊರಿ ಆಫ್ ದಿ ವರ್ಲ್ಡ್ ಅನ್ನೋ, ಪ್ರಪಂಚದ ಅಮೂಲ್ಯ ದಾಖಲೆಗಳ ಪಟ್ಟಿಗೆ ಸೇರಿಸ್ಕೊಂಡಿದೆ.

ಕಥೆ ನೆಡ್ ಕೆಲ್ಲಿ ಅನ್ನೋ ದರೋಡೆಕೋರನದ್ದು. ಅವನನ್ನ ಮೆಲ್ಬೋರ್ನ್ ಜೈಲಲ್ಲಿ ಗಲ್ಲಿಗೆ ಹಾಕಿದ್ದು 1880ರಲ್ಲಿ, ಅಂದ್ರೆ ಸಿನಿಮಾ ಬಂದಾಗ ಆಗಿ ಇಪ್ಪತ್ತಾರೇ ವರ್ಷ, ಆ ಗಲಾಟೇನ ಪೇಪರಲ್ಲಿ ದಿನಾ ಓದಿದ್ದ ಜನಾನೇ ಥಿಯೇಟರಲ್ಲಿ ಕೂತಿದ್ರು. ಮೂಕಿ ಚಿತ್ರ ಆದ್ರೂ ಸದ್ದಿಗೆ ಕಮ್ಮಿ ಇರ್ಲಿಲ್ಲ, ಪಕ್ಕದಲ್ಲಿ ಒಬ್ರು ಕಥೆ ಹೇಳ್ತಿದ್ರು, ಗುಂಡಿನ ಸದ್ದು, ಕುದುರೆ ಗೊರಸಿನ ಸದ್ದು ಎಲ್ಲಾ ಹಾಲ್‌ನಲ್ಲೇ ಮಾಡ್ತಿದ್ರು.

ಈಗ ಉಳ್ಕೊಂಡಿರೋದು ಬರೀ ಹದಿನೇಳು ನಿಮಿಷದಷ್ಟು. ಅದೂ ಒಂದೇ ಕಡೆ ಸಿಕ್ಕಿದ್ದಲ್ಲ, 1970ರ ದಶಕದಿಂದ ಈಚೆಗೆ ಅಲ್ಲೊಂದು ಇಲ್ಲೊಂದು ತುಂಡು, ಒಂದಷ್ಟು ಕಸದ ರಾಶಿಯಿಂದ, ಒಂದಷ್ಟು ಬ್ರಿಟನ್‌ನಿಂದ, ಎಲ್ಲಾ ಜೋಡಿಸಿ ನೂರನೇ ವರ್ಷಕ್ಕೆ ರಿಪೇರಿ ಮಾಡಿದ್ರು. ನೀವು ತಪ್ಪದೇ ನೋಡ್ಬೇಕಾದ್ದು ಕೊನೇ ಕಾಳಗದ ತುಣುಕು. ನೇಗಿಲ ಕಬ್ಬಿಣ ಬಡಿದು ಮಾಡಿದ್ದ ಕವಚ ಹಾಕ್ಕೊಂಡು, ತಲೆ ಮೇಲೆ ಡಬ್ಬಿ ಥರ ಶಿರಸ್ತ್ರಾಣ ಇಟ್ಕೊಂಡು ನೆಡ್ ಕೆಲ್ಲಿ ಗುಂಡು ಹಾರಿಸ್ತಾ ನಡ್ಕೊಂಡು ಬರ್ತಾನೆ, ಕವಚ ಕಾಲನ್ನ ಮುಚ್ಚಿರಲ್ಲ, ಪೊಲೀಸರು ಅಲ್ಲಿಗೇ ಹೊಡೀತಾರೆ. ಫಿಲ್ಮ್ ಕೊಳೆತಿರೋದ್ರಿಂದ ಚಿತ್ರದ ಅಂಚಿನಿಂದ ಬಿಳೀ ಕಲೆಗಳು ಉಬ್ಬುಬ್ಬಿ ಬಂದು ಅವನನ್ನ ಸುತ್ಕೊಳ್ತವೆ. ಆ ಕಲೆ ಕೆಟ್ಟದಾಗಿ ಕಾಣುತ್ತೆ ಅಂತ ಪಕ್ಕಕ್ಕೆ ಸರಿಸಬೇಡಿ, ನನ್ನ ಕಣ್ಣಿಗಂತೂ ಅದೂ ಇತಿಹಾಸದ ಭಾಗಾನೇ, ಆ ರೀಲು ಎಷ್ಟು ವರ್ಷ ಯಾರೂ ಕೇಳೋರಿಲ್ಲದೆ ಬಿದ್ದಿತ್ತು ಅಂತ ಅದೇ ಹೇಳ್ತಿದೆ.

ಇನ್ನೊಂದು ವಿಷಯ. ಕಳ್ಳರನ್ನ ಹೀರೋ ಮಾಡ್ತಾರೆ, ಪೊಲೀಸರನ್ನ ನಗೆಪಾಟಲು ಮಾಡ್ತಾರೆ ಅಂತ ಸರ್ಕಾರಕ್ಕೆ ಸಿಟ್ಟು ಬಂದು 1912ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ದರೋಡೆಕೋರರ ಸಿನಿಮಾಗಳನ್ನೇ ನಿಷೇಧಿಸಿದ್ರು. ಅಲ್ಲಿನ ಜನಕ್ಕೆ ಅಷ್ಟು ಇಷ್ಟ ಆಗಿದ್ದ ಕಥೆಗಳಿಗೇ ಬಾಗಿಲು ಹಾಕಿದ್ದು ಆ ಉದ್ಯಮಕ್ಕೆ ಬಿದ್ದ ದೊಡ್ಡ ಪೆಟ್ಟು.

ಪ್ರ: ಇದಕ್ಕೂ ಇಂಡಿಯಾಗೂ ಏನಾದ್ರೂ ನಂಟು ಇದೆಯಾ? (ಮೈಸೂರು)

ಉ: ಇದೆ, ಚೆನ್ನಾಗೇ ಇದೆ. 1896ರ ಜುಲೈ 7ಕ್ಕೆ ಬಾಂಬೆಯ ವಾಟ್ಸನ್ ಹೋಟೆಲ್‌ನಲ್ಲಿ ನಮ್ಮ ದೇಶದ ಮೊದಲ ಸಿನಿಮಾ ಪ್ರದರ್ಶನ ನಡೀತಲ್ಲ, ಅದನ್ನ ನಡೆಸಿದ್ದು ಫ್ರಾನ್ಸ್‌ನ ಲೂಮಿಯೇರ್ ಸಿನಿಮಾ ಕಂಪನಿಯ ಮಾರಿಯುಸ್ ಸೆಸ್ಟಿಯೇ. ಅದೇ ಮನುಷ್ಯ ಬಾಂಬೆಯಿಂದ ಹಡಗು ಹತ್ತಿ ಸಿಡ್ನಿಗೆ ಹೋದ, ಅಲ್ಲಿ ವಾಲ್ಟರ್ ಬಾರ್ನೆಟ್ ಅನ್ನೋ ಫೋಟೋಗ್ರಾಫರ್ ಜೊತೆ ಸೇರಿ ಅದೇ ವರ್ಷ ನವೆಂಬರ್ 3ಕ್ಕೆ ಮೆಲ್ಬೋರ್ನ್ ಕಪ್ ಕುದುರೆ ರೇಸ್‌ನ ಶೂಟ್ ಮಾಡಿದ. ಒಂದೊಂದು ರೀಲು ಒಂದು ನಿಮಿಷಾನೂ ಇಲ್ಲ. ನೋಡಿದ್ರೆ ಕುದುರೆಗಿಂತ ಜನರೇ ಜಾಸ್ತಿ, ರೈಲಿಂದ ಇಳಿದು ಬರೋ ಗಂಡಸರ ಟೋಪಿ, ಹೆಂಗಸರ ಕೊಡೆ, ಕ್ಯಾಮೆರಾ ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಮುಖಗಳು.

ಪ್ರ: ಇಷ್ಟು ಮುಖ್ಯವಾದ ಸಿನಿಮಾಗಳನ್ನ ಕಳ್ಕೊಂಡಿದ್ದಾದ್ರೂ ಹೇಗೆ? (ಶಿವಮೊಗ್ಗ)

ಉ: ಆಗ ಅದು ಮುಖ್ಯ ಅಂತ ಯಾರಿಗೂ ಅನ್ನಿಸಿರ್ಲಿಲ್ಲ. ಹಳೇ ಫಿಲ್ಮು ನೈಟ್ರೇಟ್ ಅನ್ನೋ ರಾಸಾಯನಿಕದಿಂದ ಮಾಡಿದ್ದು, ಬೆಂಕಿ ತಗುಲಿದ್ರೆ ನೀರಲ್ಲಿ ಮುಳುಗಿಸಿದ್ರೂ ಉರಿಯುತ್ತೆ, ಇಟ್ಕೊಳ್ಳೋಕೇ ಭಯ. ಟಾಕಿ ಬಂದ್ಮೇಲಂತೂ ಮೂಕಿಗೆ ಕಿಮ್ಮತ್ತೇ ಇಲ್ಲ, ಅದರೊಳಗಿನ ಬೆಳ್ಳಿಗೋಸ್ಕರ ಕರಗಿಸಿಬಿಡ್ತಿದ್ರು. ಟೀವಿ ಕಥೆ ಬೇರೆ, ಅಲ್ಲಿ ಟೇಪು ದುಬಾರಿ, ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೇ ಇನ್ನೊಂದು ರೆಕಾರ್ಡ್ ಮಾಡೋರು. 1972ರಲ್ಲಿ ಶುರುವಾಗಿ ಇಡೀ ದೇಶವೇ ಕೂತು ನೋಡಿದ ‘ನಂಬರ್ 96’ ಧಾರಾವಾಹಿಯ ಕಪ್ಪು ಬಿಳುಪು ಎಪಿಸೋಡುಗಳಲ್ಲಿ ಬಹುಪಾಲು ಹೀಗೇ ಹೋದ್ವು. 1956ರ ಸೆಪ್ಟೆಂಬರ್ 16ಕ್ಕೆ, ಅಲ್ಲಿ ಟೀವಿ ಶುರುವಾದ ರಾತ್ರಿ, ಸಿಡ್ನಿಯ ಟಿಸಿಎನ್ 9 ಚಾನೆಲ್‌ನಲ್ಲಿ ನಿರೂಪಕ ಬ್ರೂಸ್ ಜಿಂಜೆಲ್ ನಿಂತು ಟೆಲಿವಿಷನ್‌ಗೆ ಸ್ವಾಗತ ಅಂದ ತುಣುಕು ಇದೆಯಲ್ಲ, ಎಲ್ಲಾ ಕಡೆ ತೋರಿಸ್ತಾರೆ, ಅದು ಕೂಡ ಆ ರಾತ್ರಿಯದ್ದಲ್ಲ, ಆಮೇಲೆ ಮತ್ತೆ ನಿಲ್ಲಿಸಿ ಶೂಟ್ ಮಾಡಿದ್ದು!

ಸಿಕ್ಕಿರೋ ಕಥೆಗಳೂ ಇದ್ದಾವೆ. ನಿರ್ದೇಶಕ ರೇಮಂಡ್ ಲಾಂಗ್‌ಫರ್ಡ್, ನಟಿ ಲಾಟಿ ಲೈಲ್ ಜೋಡಿಯ 1919ರ ಮೂಕಿ ಚಿತ್ರ ‘ದಿ ಸೆಂಟಿಮೆಂಟಲ್ ಬ್ಲೋಕ್’ನ ನೆಗೆಟಿವ್ ಅಮೆರಿಕದ ರೋಚೆಸ್ಟರ್‌ನ ಒಂದು ಆರ್ಕೈವ್‌ನಲ್ಲಿ ಇತ್ತು, ಆದ್ರೆ ಡಬ್ಬದ ಮೇಲೆ ಯಾರೋ ‘ಸೆಂಟಿಮೆಂಟಲ್ ಬ್ಲಾಂಡ್’ ಅಂತ ಬರೆದಿಟ್ಟಿದ್ರು, ಹಾಗಾಗಿ 1970ರ ದಶಕದವರೆಗೂ ಯಾರ ಕಣ್ಣಿಗೂ ಬೀಳ್ಲಿಲ್ಲ. 1971ರ ‘ವೇಕ್ ಇನ್ ಫ್ರೈಟ್’ದು ಇನ್ನೂ ಮೈ ಜುಮ್ ಅನ್ನೋ ಕಥೆ. ಕಳೆದುಹೋಗಿದ್ದ ಅದರ ನೆಗೆಟಿವ್‌ನ ಎಡಿಟರ್ ಆಂಥನಿ ಬಕ್ಲಿ ವರ್ಷಗಟ್ಲೆ ದೇಶದೇಶ ಹುಡುಕಿದ್ರು, ಕೊನೆಗೆ 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಗೋದಾಮಲ್ಲಿ ಸಿಕ್ತು, ನಾಶ ಮಾಡ್ಬೇಕು ಅಂತ ಗುರುತು ಹಾಕಿಟ್ಟಿದ್ದ ಪೆಟ್ಟಿಗೆಗಳಲ್ಲಿ. ಅದೇ ಸಿನಿಮಾ 2009ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಮೇಲೆ ಬಂತು. ಒಬ್ಬ ಮನುಷ್ಯನ ಹಟ ಇಲ್ದಿದ್ರೆ ಅದು ಬೂದಿ ಆಗಿರ್ತಿತ್ತು.

ಪ್ರ: ಕೆಲವು ತುಣುಕುಗಳ ಮೊದಲು ಎಚ್ಚರಿಕೆ ಹಾಕಿರ್ತಾರೆ, ಯಾಕೆ? (ಬೆಳಗಾವಿ)

ಉ: ಅದರಲ್ಲಿ ತೀರ್ಕೊಂಡ ಮೂಲನಿವಾಸಿಗಳ ಚಿತ್ರ, ದನಿ ಇರುತ್ತೆ ಅಂತ. ಅಬಾರಿಜಿನಲ್ ಮತ್ತು ಆಸ್ಟ್ರೇಲಿಯಾದ ಉತ್ತರಕ್ಕಿರೋ ಟೋರೆಸ್ ಸ್ಟ್ರೇಟ್ ದ್ವೀಪಗಳ ಹಲವು ಸಮುದಾಯಗಳಲ್ಲಿ ಸತ್ತವರ ಹೆಸರು ಹೇಳೋದು, ಮುಖ ನೋಡೋದು ಸೂತಕದ ಹೊತ್ತಲ್ಲಿ ನಿಷಿದ್ಧ, ನಮ್ಮನೆಯವರು ಅಂತ ಗೊತ್ತಿಲ್ದೇ ನೋಡಿಬಿಟ್ರೆ ನೋವಾಗುತ್ತೆ. 1898ರಲ್ಲಿ ಹ್ಯಾಡನ್ ಅನ್ನೋ ವಿದ್ವಾಂಸ ಟೋರೆಸ್ ಸ್ಟ್ರೇಟ್‌ನ ಮೆರ್ ದ್ವೀಪದ ಕುಣಿತ ಶೂಟ್ ಮಾಡಿದ್ದ. ಅದರಲ್ಲಿ ಕುಣೀತಿರೋರ ವಂಶದವರು ಈಗಲೂ ಇದ್ದಾರೆ, ಹಾಗಾಗಿ ಇದು ಬರೀ ಫಾರ್ಮಾಲಿಟಿ ಅಲ್ಲ. 1955ರ ‘ಜೆಡ್ಡಾ’ ಸಿನಿಮಾ ನೋಡೋವಾಗಲೂ ಇದು ನೆನಪಿರ್ಲಿ. ಅಬಾರಿಜಿನಲ್ ನಟರನ್ನೇ ಮುಖ್ಯ ಪಾತ್ರದಲ್ಲಿ ಹಾಕಿದ್ದು ಆ ಕಾಲಕ್ಕೆ ದೊಡ್ಡದು, ಆದ್ರೆ ಕಥೆ ಹೇಳಿರೋದು ಬಿಳಿಯರ ಕಣ್ಣಿಂದಾನೇ.

ಪ್ರ: ಟಾಸ್ಮೇನಿಯಾದ ಹುಲಿಯ ವಿಡಿಯೋ ನಿಜಾನಾ, ಗ್ರಾಫಿಕ್ಸಾ? (ಉಡುಪಿ)

ಉ: ನಿಜ. ಹೆಸರಿಗೆ ಹುಲಿ, ನೋಡೋಕೆ ನಾಯಿ ಥರ ಇದ್ದ, ಈಗ ಅಳಿದುಹೋಗಿರೋ ಪ್ರಾಣಿ ಅದು. 1933ರಲ್ಲಿ ಹೋಬಾರ್ಟ್ ಝೂನಲ್ಲಿ ಡೇವಿಡ್ ಫ್ಲೇ ತೆಗೆದದ್ದು. ಬೋನಲ್ಲಿ ಆ ಕಡೆ ಈ ಕಡೆ ನಡೆದಾಡುತ್ತೆ, ಬಾಯಿ ಎಷ್ಟು ಅಗಲ ತೆರೆಯುತ್ತೆ ಅಂದ್ರೆ ನಂಬೋಕಾಗಲ್ಲ. ಆ ಝೂನಲ್ಲಿದ್ದ ಕೊನೇ ಟಾಸ್ಮೇನಿಯಾ ಹುಲಿ 1936ರ ಸೆಪ್ಟೆಂಬರ್ 7ಕ್ಕೆ ಸತ್ತುಹೋಯ್ತು. ಮೂಲ ಕಪ್ಪು ಬಿಳುಪಿನದ್ದು, 2021ರಲ್ಲಿ ಬಣ್ಣ ಹಚ್ಚಿದ್ರು. ನನ್ನ ಕೇಳಿದ್ರೆ ಕಪ್ಪು ಬಿಳುಪಿನದ್ದನ್ನೇ ಮೊದಲು ನೋಡಿ.

ಪ್ರ: ನಮ್ಮ ತಾತ ಟೂರಿಂಗ್ ಟಾಕೀಸ್ ನಡೆಸ್ತಿದ್ರು, ಅಟ್ಟದಲ್ಲಿ ರೀಲ್ ಡಬ್ಬಗಳಿವೆ. ನಿಮ್ಮ ಲೇಖನ ಓದಿದ್ಮೇಲೆ ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ, ಏನ್ಮಾಡ್ಲಿ? (ತುಮಕೂರು)

ಉ: ದಯವಿಟ್ಟು ಹಾಕಬೇಡಿ! ನಮ್ಮ ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’ದ ಪ್ರಿಂಟೇ ಇವತ್ತು ಇಲ್ಲ. ಆಸ್ಟ್ರೇಲಿಯಾದವರು 1980ರ ದಶಕದಲ್ಲಿ ಲಾಸ್ಟ್ ಫಿಲ್ಮ್ ಸರ್ಚ್ ಅಂತ ದೇಶದ ತುಂಬಾ ಹುಡುಕಾಟಕ್ಕೆ ಇಳಿದಾಗ ಬಾಗಿಲು ತಟ್ಟಿದ್ದೇ ನಿಮ್ಮಂಥವರ ಮನೆಗಳದ್ದು. ಪ್ರೊಜೆಕ್ಟರ್‌ಗೆ ಹಾಕಿ ಓಡಿಸೋಕೆ ಹೋಗ್ಬೇಡಿ, ಒಣಗಿದ ಫಿಲ್ಮು ಪಟಪಟ ಹರಿದುಹೋಗುತ್ತೆ. 1950ರ ದಶಕಕ್ಕೂ ಹಿಂದಿನವಾದ್ರೆ ನೈಟ್ರೇಟ್ ಆಗಿರಬಹುದು, ದೀಪ, ಒಲೆ, ಬೀಡಿ ಸಿಗರೇಟು ಹತ್ರ ಸುಳಿಯಬಾರದು. ಮುಚ್ಚಳ ತೆಗೆದಾಗ ವಿನೆಗರ್ ಥರ ಹುಳಿ ವಾಸನೆ ಬಂದ್ರೆ ಅದು ಅಸಿಟೇಟ್ ಅನ್ನೋ ಇನ್ನೊಂದು ಬಗೆಯ ಫಿಲ್ಮು, ಕೊಳೆಯೋಕೆ ಶುರುವಾಗಿದೆ, ಅದನ್ನ ಬೇರೆ ಡಬ್ಬಗಳಿಂದ ದೂರ ಇಡಿ. ಹಂಚಿನ ಕೆಳಗಿನ ಅಟ್ಟ ಬಿಸಿಲಿಗೆ ಕಾಯುತ್ತೆ, ಇವತ್ತೇ ಕೆಳಗಿಳಿಸಿ ತಣ್ಣಗಿರೋ, ಗಾಳಿಯಾಡೋ ಕೋಣೆಗೆ ಸಾಗಿಸಿ. ಡಬ್ಬದ ಮೇಲಿನ ಚೀಟಿಗಳನ್ನ ಹಾಗೇ ಬಿಟ್ಟು ಫೋಟೋ ತೆಗೆದು ಪುಣೆಯ ಫಿಲ್ಮ್ ಆರ್ಕೈವ್‌ನವರಿಗೆ ಕಳಿಸಿ, ನಮಗೂ ಒಂದು ಪ್ರತಿ ಹಾಕಿ.