ಹಳೇ ಸ್ಪೀಕರ್‌ಗೆ ಇಷ್ಟು ಹೆಸರು ಯಾಕೆ?

ಪ್ರಶ್ನೆ: ಹಳೇ ಬಿಬಿಸಿ ಮಾದರಿಯ ಮರದ ಸ್ಪೀಕರ್‌ಗಳನ್ನು ಎಲ್ಲರೂ ಹೊಗಳುತ್ತಾರೆ. ನಿಜಕ್ಕೂ ಅಷ್ಟು ಚೆನ್ನಾಗಿವೆಯಾ, ಇಲ್ಲಾ ಸುಮ್ನೆ ಹಳೇದರ ಮೋಹವಾ? ಸೆಕೆಂಡ್ ಹ್ಯಾಂಡ್ ಜೋಡಿಯೊಂದನ್ನು ನೋಡಿದ್ದೇನೆ. ಪೆಟ್ಟಿಗೆ ತೀರಾ ತೆಳು, ಅದೇ ಅನುಮಾನ.

ಉತ್ತರ: ಮನುಷ್ಯರ ದನಿಯ ಮಟ್ಟಿಗೆ ಆ ಹೊಗಳಿಕೆ ನಿಜ. ಅದರಾಚೆಗೆ ಸ್ವಲ್ಪ ಜಾಸ್ತಿಯೇ ಆಯಿತು.

ಪೆಟ್ಟಿಗೆ ತೆಳುವಾಗಿರುವುದು ಕಾಸು ಉಳಿಸೋಕಲ್ಲ. ಯಾವ ಪೆಟ್ಟಿಗೆಯಾದರೂ ಅದುರುತ್ತದೆ. ದಪ್ಪ, ಬಿಗಿ ಹಲಗೆಯ ಅದುರು ಹೆಚ್ಚಾಗಿ ದನಿಯ ಸ್ವರಗಳ ನಡುವೆಯೇ ಬಂದು ಕೂರುತ್ತದೆ, ಅಲ್ಲಿ ಕಿವಿ ಬಲು ಚುರುಕು. ತೆಳು ಪ್ಲೈವುಡ್ ತೆಗೆದುಕೊಂಡು ಒಳಗಡೆ ಬಿಟುಮೆನ್ (ಡಾಂಬರಿನಂಥ) ಹಾಳೆ ಅಂಟಿಸಿದರೆ ಅದುರು ಕೆಳಗಿನ ಸ್ವರಗಳಿಗೆ ಇಳಿದು ಬೇಗ ಸತ್ತುಹೋಗುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ‘ಧಬ್’ ಅಂದು ನಿಂತರೆ ಸರಿ, ಸದ್ದು ಎಳೆದರೆ ಸರಿಯಿಲ್ಲ.

ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಎಲ್‌ಎಸ್3/5ಎ. 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರ್‌ಗಳು ಹೊರಾಂಗಣ ಪ್ರಸಾರದ ವ್ಯಾನ್‌ಗೆಂದು ಮಾಡಿದ, ಒಂದಡಿ ಎತ್ತರದ ಪುಟ್ಟ ಡಬ್ಬ. ಇಕ್ಕಟ್ಟಿನ ಜಾಗದಲ್ಲಿ ಹತ್ತಿರ ಕೂತು ಕೇಳೋಕೆ, ಮುಖ್ಯವಾಗಿ ಮಾತು ಸರಿಯಾಗಿ ಬರುತ್ತಿದೆಯಾ ಅಂತ ನೋಡೋಕೆ. ಹಾಗಾಗಿ ಹಾಡುವವರು ಉಸಿರೆಳೆದುಕೊಂಡಿದ್ದೂ ಕೇಳುತ್ತದೆ. ಆದರೆ ಆಳದ ಬೇಸ್ ಅದರಲ್ಲಿ ಇಲ್ಲವೇ ಇಲ್ಲ, ಮೇಲಿನ ಬೇಸನ್ನು ಚೂರು ಎತ್ತಿ ಇದೆ ಅನ್ನಿಸುತ್ತಾರೆ, ಅಷ್ಟೇ. ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರು ಬರುತ್ತದೆ ಅನ್ನೋ ಅಳತೆಯೂ 83 ಡೆಸಿಬಲ್ ಆಸುಪಾಸು. 93 ಇರುವ ಸ್ಪೀಕರ್ ಇದಕ್ಕೆ ಬೇಕಾದ ವ್ಯಾಟ್‌ಗಳ ಹತ್ತನೇ ಒಂದು ಪಾಲಿನಲ್ಲೇ ಅಷ್ಟು ಜೋರು ಕೊಡುತ್ತದೆ! ದೊಡ್ಡ ಹಾಲ್‌ನಲ್ಲಿ ಅಬ್ಬರಿಸಬೇಕು ಅಂದರೆ ಇದು ಬೇಡ.

ಕೆನಡಾದಲ್ಲಿ ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ ಅವರು ಯಾವ ಸ್ಪೀಕರ್ ಅಂತ ಗೊತ್ತಾಗದ ಹಾಗೆ ಜನರಿಗೆ ಕೇಳಿಸಿ ನೋಡಿದ್ದರು. ಹೆಚ್ಚಿನವರು ಮೆಚ್ಚಿದ್ದು, ಎದುರಿಗೂ ಪಕ್ಕಕ್ಕೂ ಏರುಪೇರಿಲ್ಲದೆ ಸದ್ದು ಹರಡುವ ಸ್ಪೀಕರ್‌ಗಳನ್ನು. ಇದರಲ್ಲಿ ಇವತ್ತಿನ ಸಾಧಾರಣ ಸ್ಪೀಕರ್‌ಗಳೂ ಎಷ್ಟೋ ಹಳೇ ಹೆಸರುಗಳನ್ನು ಹಿಂದೆ ಹಾಕುತ್ತವೆ. ಅಭಿಮಾನಿಗಳು ಬೈದುಕೊಳ್ಳಲಿ ಬಿಡಿ.

ಇನ್ನು ನಿಮ್ಮ ಜೋಡಿ. ಕೋನ್ (ಅದುರಿ ಸದ್ದು ಮಾಡುವ ಲಾಳಿಕೆಯಂಥ ಭಾಗ) ಸುತ್ತ ಇರುವುದು ಫೋಮ್ ಆದರೆ ಮೆಲ್ಲಗೆ ಮುಟ್ಟಿ, ಪುಡಿ ಬೆರಳಿಗೆ ಅಂಟಿದರೆ ಅದರ ಆಯಸ್ಸು ಮುಗಿದಿದೆ. ರಬ್ಬರ್ ಹೆಚ್ಚು ಬಾಳುತ್ತದೆ. ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಮಾಡಿ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೂ ವರ್ಷ ಕಳೆದ ಹಾಗೆ ಒಣಗುತ್ತವೆ. ಆಮೇಲೆ ಮೋನೋದಲ್ಲಿ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಸದ್ದು ಹೋಗುವ ಹಾಗೆ, ಒಂದು ದನಿ ಹಾಕಿಸಿ, ಎರಡರ ಮಧ್ಯೆ ಸರಿಯಾಗಿ ಎದುರು ಕೂತು ಕೇಳಿ. ದನಿ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಸ್ಪೀಕರ್‌ಗಳ ಜಾಗ ಅದಲುಬದಲು ಮಾಡಿ. ಆಗಲೂ ಅದೇ ಕಡೆ ವಾಲಿದರೆ ತಪ್ಪು ಕೋಣೆಯದೋ ಆಂಪ್ಲಿಫೈಯರ್‌ದೋ ಇರಬೇಕು. ವಾಲುವ ಕಡೆಯೂ ಬದಲಾಯಿತಾ, ಆ ಜೋಡಿ ಬಿಟ್ಟುಬಿಡಿ.