ಸ್ಕ್ಯಾನ್ ಮಾಡಿಸಿದ ಹಳೇ ಫೋಟೋಗಳಿಗೆ ದಿನಾಂಕವನ್ನು ಯಾವ ಪದ್ಧತಿಯಲ್ಲಿ ಬರೆದಿಡಬೇಕು?

ಗದಗಿನ ಮನೆಯ ಹಳೇ ಆಲ್ಬಮ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದೀರಿ. ಈಗ ಅಜ್ಜನ ಮದುವೆ, ಮೊಮ್ಮಗನ ಜವಳ ಎರಡೂ ಒಂದೇ ವಾರದಲ್ಲಿ ಆದಂತೆ ಕಂಪ್ಯೂಟರ್ ತೋರಿಸುತ್ತಿದೆ. ಫೋಟೋ ಫೈಲ್‌ನೊಳಗೆ ಮಾಹಿತಿ ಬರೆದಿಡುವ ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ ಪದ್ಧತಿಗಳು, ಅಂದಾಜು ತಾರೀಖನ್ನೂ ಚಿಹ್ನೆ ಹಾಕಿ ಬರೆಯುವ ಇಡಿಟಿಎಫ್ ಇವುಗಳಲ್ಲಿ ಯಾವುದನ್ನು ನೆಚ್ಚಿಕೊಂಡರೆ ಮಕ್ಕಳ ಕಾಲಕ್ಕೂ ನಡೆಯುತ್ತದೆ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ನಾನು ಧಾರವಾಡದಲ್ಲಿ ಇದೇ ಕೆಲಸ ಮಾಡುತ್ತೇನೆ. ನನ್ನ ಪದ್ಧತಿ ಹೀಗೆ: ಗೊತ್ತಿರುವಷ್ಟು ದಿನಾಂಕ ಎಕ್ಸ್‌ಎಂಪಿಯಲ್ಲಿ. ಅನುಮಾನ ಇದ್ದರೆ ಅದು ಇಡಿಟಿಎಫ್ ರೂಪದಲ್ಲಿ, ಫೋಟೋದ ವಿವರಣೆಯ ಜಾಗದಲ್ಲಿ. ಪೂರ್ತಿ ತಾರೀಖು ಸಿಕ್ಕರೆ ಮಾತ್ರ ಎಕ್ಸಿಫ್.

ಎಕ್ಸಿಫ್ ಹುಟ್ಟಿದ್ದೇ ಡಿಜಿಟಲ್ ಕ್ಯಾಮೆರಾಗಾಗಿ. ಕ್ಯಾಮೆರಾದೊಳಗೆ ಗಡಿಯಾರ ಇರುತ್ತದೆ, ಹಾಗಾಗಿ ವರ್ಷದಿಂದ ಹಿಡಿದು ಸೆಕೆಂಡಿನವರೆಗೆ ಎಲ್ಲವನ್ನೂ ಅದು ಕೇಳುತ್ತದೆ. ಗೊತ್ತಿಲ್ಲದ್ದನ್ನು ಖಾಲಿ ಬಿಡಬಹುದು ಅಂತ ನಿಯಮದಲ್ಲೇನೋ ಇದೆ. ಆದರೆ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಅದಕ್ಕೇ ಜನ ಸುಮ್ನೆ 1972ರ ಜನವರಿ 1, ರಾತ್ರಿ 12 ಗಂಟೆ ಅಂತ ತುಂಬಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದೆ ಯಾರೋ ಅದನ್ನೇ ನಂಬಿ ಜನವರಿ 1ಕ್ಕೆ ಅಜ್ಜ-ಅಜ್ಜಿಯ ವಾರ್ಷಿಕೋತ್ಸವದ ಕೇಕ್ ತರುತ್ತಾರೆ!

ಇನ್ನೊಂದು, ಎಕ್ಸಿಫ್‌ನಲ್ಲಿ ತಾರೀಖಿಗೆ ಬೇರೆ ಬೇರೆ ಜಾಗಗಳಿವೆ. ಫೋಟೋ ತೆಗೆದ ಹೊತ್ತಿಗೆ 'ಡೇಟ್‌ಟೈಮ್ ಒರಿಜಿನಲ್', ಸ್ಕ್ಯಾನ್ ಮಾಡಿದ ಹೊತ್ತಿಗೆ 'ಡೇಟ್‌ಟೈಮ್ ಡಿಜಿಟೈಸ್ಡ್'. ಮೊದಲನೆಯದು ಖಾಲಿ ಇದ್ದರೆ ಸಾಫ್ಟ್‌ವೇರ್ ಎರಡನೆಯದನ್ನೋ, ಫೈಲ್‌ನ ತಾರೀಖನ್ನೋ ತೋರಿಸುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ. ಸ್ಕ್ಯಾನ್ ತಾರೀಖನ್ನು ಅಳಿಸಬೇಡಿ, ಅದೂ ನಿಜವೇ. ಫೈಲ್‌ನ ತಾರೀಖನ್ನು ಮಾತ್ರ ನಂಬಬೇಡಿ. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹೋಗುವಾಗಲೇ ಬದಲಾಗಬಹುದು ಅದು.

ಎಕ್ಸ್‌ಎಂಪಿಯನ್ನು 2001ರಲ್ಲಿ ಅಡೋಬಿ ಕಂಪನಿ ತಂದಿತು, 2012ರಲ್ಲಿ ಅದು ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಆಯಿತು. ಅದರಲ್ಲಿ ಬರೀ 1972 ಅಂತಲೋ, 1972-05 ಅಂತಲೋ ಬರೆದು ನಿಲ್ಲಿಸಬಹುದು. ಐಪಿಟಿಸಿಯ 'ಡೇಟ್ ಕ್ರಿಯೇಟೆಡ್' ಕೂಡ ಈಗ ಎಕ್ಸ್‌ಎಂಪಿಯೊಳಗೇ ಕೂರುತ್ತದೆ, ಹಾಗಾಗಿ ಅವೆರಡರ ನಡುವೆ ಆರಿಸುವ ಗೋಜೇ ಇಲ್ಲ. ಇಡಿಟಿಎಫ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೆಳೆದದ್ದು, 2019ರಲ್ಲಿ ತಾರೀಖು ಬರೆಯುವ ಮಾನದಂಡವಾದ ಐಎಸ್‌ಒ 8601ರ ಎರಡನೇ ಭಾಗಕ್ಕೆ ಸೇರಿತು. 1972~ ಅಂದರೆ ಹೆಚ್ಚುಕಡಿಮೆ ಆ ವರ್ಷ. 1972? ಅಂದರೆ ಅನುಮಾನ ಇದೆ. ಎರಡು ತಾರೀಖಿನ ನಡುವೆ ಓರೆಗೆರೆ ಹಾಕಿದರೆ ಇಲ್ಲಿಂದ ಇಲ್ಲಿವರೆಗೆ. ಗ್ಯಾಲರಿ ಆ್ಯಪ್‌ಗಳಿಗೆ ಇದು ತಿಳಿಯದಿದ್ದರೂ ಓದುವ ಮನುಷ್ಯರಿಗೆ ತಿಳಿಯುತ್ತದೆ. ಅದಕ್ಕೇ ವಿವರಣೆಯಲ್ಲಿ ಬರೆಯಿರಿ ಅಂದದ್ದು.

ಜಾಸ್ತಿ ಹೊತ್ತು ಹಿಡಿಯುವುದು ತಾರೀಖು ಹುಡುಕುವ ಕೆಲಸ. ಮದುವೆ ಫೋಟೋ ಆದರೆ ಮೊದಲು ಲಗ್ನಪತ್ರಿಕೆ ಹುಡುಕಿ. ಇಂಗ್ಲಿಷ್ ತಾರೀಖು ಇರುವ ಮೂಲೆಯೇ ಹರಿದುಹೋಗಿರುತ್ತದೆ, ಅದು ಬೇರೆ ಮಾತು. 'ಶಾಲಿವಾಹನ ಶಕೆ 1894, ಪರಿಧಾವಿ ಸಂವತ್ಸರ, ಮಾಘ ಶುದ್ಧ ಪಂಚಮಿ' ಅಂತ ಇದೆ ಅಂದುಕೊಳ್ಳಿ. ಶಕೆಗೆ 78 ಕೂಡಿಸಿದರೆ 1972. ಆದರೆ ಸಂವತ್ಸರ ಶುರುವಾಗುವುದು ಯುಗಾದಿಗೆ, ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಹಾಗಾಗಿ ಆ ಮದುವೆ 1973ರ ಫೆಬ್ರವರಿಯದ್ದು. ಎಕ್ಸ್‌ಎಂಪಿಯಲ್ಲಿ 1973-02. ಸಂವತ್ಸರದ ಹೆಸರಷ್ಟೇ ಉಳಿದಿದ್ದರೆ ಇಡಿಟಿಎಫ್‌ನಲ್ಲಿ 1972-03/1973-04. ಪತ್ರಿಕೆಯ ಸಾಲನ್ನೂ ಇದ್ದಹಾಗೇ ವಿವರಣೆಗೆ ಸೇರಿಸಿ, ನಿಮ್ಮ ಲೆಕ್ಕ ತಪ್ಪಿದ್ದರೆ ಮುಂದಿನವರು ತಿದ್ದಿಕೊಳ್ಳಲಿ.

ಪತ್ರಿಕೆ ಇಲ್ಲದಿದ್ದರೆ ಹಿಂದಿನ ಬೋರ್ಡ್‌ಗಳನ್ನು ದೊಡ್ಡದು ಮಾಡಿ ನೋಡ್ರಿ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು ಇರಬೇಕು. ಗದಗಿನ ಅಂಗಡಿ ಮೇಲೆ 'ಜಿ. ಧಾರವಾಡ' ಅಂತಿದ್ದರೆ 1997ಕ್ಕೆ ಮುಂಚಿನದು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು ಆ ವರ್ಷ. ಆದರೆ ಜಿಲ್ಲೆ ಆದ ಮರುದಿನವೇ ಯಾವ ಅಂಗಡಿಯವರೂ ಪೇಂಟರ್‌ನನ್ನು ಕರೆಯಲಿಲ್ಲ. ಬೋರ್ಡ್ ನೋಡಿ ಹೇಳಿದ ವರ್ಷಕ್ಕೆ ~ ಹಾಕಿಯೇ ಬಿಡಿ.

ಫೋನ್‌ನಲ್ಲಿ ಸಾಲಾಗಿ ಬರಬೇಕು ಅಂದರೆ ಎಕ್ಸಿಫ್ ಬೇಕೇ ಬೇಕು. ಅದಕ್ಕೆ ಮನೆಯವರಿಗೆ ಹಂಚಲು ಬೇರೆ ಪ್ರತಿ ಮಾಡಿ, ಅಂದಾಜು ತಾರೀಖನ್ನು ಅದರಲ್ಲಿ ಮಾತ್ರ ತುಂಬಿ. ಮೂಲ ಪ್ರತಿಯ ಎಕ್ಸಿಫ್‌ಗೆ ಅಂದಾಜು ಸೇರಿಸಬೇಡಿ. ಈ ಮಾಹಿತಿ ಬರೆಯುವ ಎಕ್ಸಿಫ್‌ಟೂಲ್ ಸಾಫ್ಟ್‌ವೇರ್ ಉಚಿತ, ಒಂದು ಫೋಲ್ಡರ್ ಪೂರ್ತಿ ಒಂದೇ ಸಲಕ್ಕೆ ಮುಗಿಸುತ್ತದೆ. ಅದರಲ್ಲಿ ಎಕ್ಸಿಫ್‌ನ 'ಕ್ರಿಯೇಟ್ ಡೇಟ್' ಅಂದರೆ ಸ್ಕ್ಯಾನ್ ಮಾಡಿದ ದಿನ, ನೆನಪಿರಲಿ. ಮಾಹಿತಿಯನ್ನು ಟಿಫ್, ಜೆಪೆಗ್ ಫೈಲ್‌ಗಳ ಒಳಗೇ ಬರೆಸಿ. ಪಕ್ಕದಲ್ಲಿ ಬೇರೆ ಫೈಲ್ ಇಟ್ಟರೆ ಕಾಪಿ ಮಾಡುವಾಗ ಅದು ಹಿಂದೆ ಉಳಿದುಬಿಡುತ್ತದೆ.

ಸಂಬಂಧಿಕರು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ಎಕ್ಸಿಫ್ ಹೋಗಿಬಿಟ್ಟಿರುತ್ತದೆ. ಫೈಲ್ ಹೆಸರಿನಲ್ಲಿ ಕಾಣುವ ತಾರೀಖು ಫೋಟೋ ತೆಗೆದ ದಿನದ್ದಲ್ಲ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.